ಎಡಸುತ್ತಿನ ಬಳ್ಳಿ

ಸಮಾಧಾನಕ್ಕೆಂದು ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಸಾವಿನ ಮನೆಗೆ ಹೋದಾಗ ನೀನು ಸುಮ್ಮನೆ ಕೂತರೆ ಸಾಕು, ಅದೇ ದೊಡ್ಡ ಉಪಕಾರ ಎಂದು ನನ್ನ ಗಂಡ ಅಗಸ್ಟಿನ್ ಹೇಳುತ್ತಿದ್ದ. ಆದ್ದರಿಂದ ಗಲ್ಫಿನ ಮುಹರ್ರಕ್‌ನ ಆ ಮನೆಯಲ್ಲಿ ನಡೆದದ್ದನ್ನು ನಾನು ಹೇಳಿದರೆ ಜನ ನಂಬುತ್ತಾರೆ. ನಂಬಿದ ಮೇಲೆ ಬೇಗ ಬೇಗ ಮಾತು ಬದಲಿಸುತ್ತಾರೆ.

ಎಂಬತ್ತೊಂದನೇ ಇಸವಿಯ ಬೇಸಿಗೆ. ಹಳೆಯ ಮನೆ, ಹವಳದ ಕಲ್ಲಿನ ದಪ್ಪ ಗೋಡೆ, ನಡುವೆ ಅಂಗಳ. ಅಂಗಳದ ಒಂದು ಬದಿಯ ಕೋಣೆಗಳು ನಮ್ಮವು, ಎದುರಿನವು ಸೇಸಪ್ಪ ಮತ್ತು ಕುಸುಮಾವತಿಯವು. ಅಗಸ್ಟಿನ್‌ಗೆ ಟುಬ್ಲಿಯ ಗ್ಯಾರೇಜಿನಲ್ಲಿ ಕೆಲಸ, ಸೇಸಪ್ಪನಿಗೆ ಹಡಗು ಎಳೆಯುವ ಟಗ್ ಬೋಟಿನ ಎಂಜಿನ್ ರೂಮಿನಲ್ಲಿ. ಅವರದು ಹೆಜಮಾಡಿ ಕಡೆಯ ಊರು, ನಮ್ಮದು ಬಜಪೆ. ಊರಲ್ಲಿ ಕೊಂಕಣಿ ಕ್ರಿಸ್ತಾನ ಹೆಂಗಸರನ್ನು ಕರೆಯುವ ಹಾಗೆ ಕುಸುಮ ನನ್ನನ್ನು ‘ಬಾಯಿ’ ಎಂದೇ ಕರೆಯುತ್ತಿದ್ದಳು. ಮದುವೆಯಾಗಿ ಬಂದು ಅದು ಅವಳ ಎರಡನೇ ಬೇಸಿಗೆ. ಮಕ್ಕಳಾಗಿರಲಿಲ್ಲ.

ಬಂದ ಹೊಸದರಲ್ಲಿ ಅವಳು ತುಳಸಿ ಬೇಕೆಂದು ಹಟ ಹಿಡಿದಳು. ಬೀಜ ಊರಿನಿಂದ ತಂದಿದ್ದಳು, ಮಣ್ಣಿರಲಿಲ್ಲ. ಸೇಸಪ್ಪ ಬುದೈಯಾದ ತೋಟವೊಂದರಿಂದ ಸಿಮೆಂಟಿನ ಚೀಲದಲ್ಲಿ ಮಣ್ಣು ಹೊತ್ತು ತಂದು, ತುಪ್ಪದ ದೊಡ್ಡ ತಗಡಿನ ಡಬ್ಬಿಗೆ ತುಂಬಿ, ಅಂಗಳದ ನಡುವೆ ಇಟ್ಟ. ತುಳಸಿ ಚಿಗುರಿತು. ಅದರ ಜೊತೆಗೆ ಕರೆಯದೆ ಇನ್ನೊಂದೂ ಬಂತು. ಬಾಣದ ತುದಿಯಂಥ ಎಲೆ, ದಾರದಷ್ಟು ತೆಳುವಾದ ಬಳ್ಳಿ, ಬೆಳಿಗ್ಗೆ ಅರಳಿ ಬಿಸಿಲೇರಿದಾಗ ಮುದುಡುವ ಬಿಳಿ ಗುಲಾಬಿ ಬಣ್ಣದ ಕಹಳೆ ಹೂ. ಗೆಣಸಿನ ಹೂ, ನಮ್ಮ ಕಡಲಕರೆಯ ಮರಳಿನ ಮೇಲೆ ಹರಿಯುವ ಅಡುಂಬು ಬಳ್ಳಿಯ ಹೂ, ಇದು, ಎಲ್ಲ ಒಂದೇ ಕುಟುಂಬ. ಮುಖ ನೋಡಿದರೆ ಗೊತ್ತಾಗುತ್ತದೆ. ಇದು ಮಾತ್ರ ಆ ಕುಟುಂಬದ ಪುಂಡ. ಕಿತ್ತರೆ ಬೇರಿನ ಚೂರು ಒಳಗೇ ಉಳಿದು ಮತ್ತೆ ಬರುತ್ತದೆ. ಡಬ್ಬಿಯ ತುಕ್ಕು ಹಿಡಿದ ತಳವನ್ನು ತೂರಿ ಅಂಗಳಕ್ಕಿಳಿದು, ನೀರಿನ ಪೈಪಿನ ಬುಡದಲ್ಲೂ ಬಟ್ಟೆ ಒಣಗಿಸುವ ಕಂಬದ ಬುಡದಲ್ಲೂ ತಲೆ ಎತ್ತಿತು. ನಾನು ಕತ್ತಿ ಹಿಡಿದು ಹೊರಟಾಗ ತಡೆದವನು ಸೇಸಪ್ಪನೇ.

“ಇರ್ಲಿ ಬಾಯಿ. ಈ ಊರಲ್ಲಿ ಹಸಿರು ಕಾಣ್ಲಿಕ್ಕೆ ಸಿಗುವುದೇ ಅಷ್ಟು.”

ಆ ಜುಲೈಯಲ್ಲಿ, ಉತ್ತರದಿಂದ ಧೂಳು ಹೊತ್ತು ಬರುವ ಶಮಾಲ್ ಗಾಳಿ ಎದ್ದ ದಿನ ಅವನ ಟಗ್ ಮುಳುಗಿತು. ಉಳಿದವರನ್ನು ಇನ್ನೊಂದು ದೋಣಿ ಎತ್ತಿಕೊಂಡಿತು, ಸೇಸಪ್ಪ ಸಿಕ್ಕಲಿಲ್ಲ. ಕೆಲವು ದಿನ ಹುಡುಕಿ, ಆಮೇಲೆ ಹುಡುಕುವುದನ್ನು ನಿಲ್ಲಿಸಿದರು. ಸುದ್ದಿ ತಂದವನು ಅವನ ಅಣ್ಣ ಮುಂಡಪ್ಪ. ಸನದ್‌ನಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ದೊಡ್ಡ ಆಳು, ಆ ದಿನ ಬಾಗಿಲಲ್ಲಿ ನಿಂತು ಒಳಗೆ ಬರಲೂ ಆಗದೆ ಹೊರಗೆ ಹೋಗಲೂ ಆಗದೆ ಒದ್ದಾಡಿದ. ಕುಸುಮ ಅಳಲಿಲ್ಲ. “ಸಿಕ್ಕಲಿಲ್ಲ ಅಂದ್ರೆ ಸತ್ತಿದ್ದಾರೆ ಅಂತ ಅಲ್ಲವಲ್ಲ ಭಾವ,” ಎಂದಳು, ಚಾ ಮಾಡಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳ ಕೂಗು ಕೇಳಿ ನಾನು ಓಡಿದೆ. ತುಳಸಿಗೆ ನೀರೆರೆದು ಸುತ್ತು ಬರಲು ಹೊರಟವಳು ಚೊಂಬು ಬೀಳಿಸಿಕೊಂಡು ನಿಂತಿದ್ದಳು. ಬಳ್ಳಿ ತುಳಸಿಯ ಕಾಂಡವನ್ನು ಬುಡದಿಂದ ತುದಿಯವರೆಗೆ ಸುತ್ತಿಕೊಂಡಿತ್ತು.

“ಅದಕ್ಕೆ ಹೀಗೆ ಕಿರುಚುವುದಾ? ನಾನು ಹಾವು ಅಂತ ಮಾಡಿದೆ.”

“ಯಾವ ಕಡೆಗೆ ಸುತ್ತಿದೆ ನೋಡಿ ಬಾಯಿ. ಹೆಣಕ್ಕೆ ಸುತ್ತಿದ ಹಾಗೆ ಸುತ್ತಿದೆ.”

ನನಗೆ ಅರ್ಥವಾಗಲಿಲ್ಲ, ಅವಳೇ ಬಿಡಿಸಿ ಹೇಳಿದಳು. ದೇವರಿಗೆ ಸುತ್ತು ಬರುವಾಗ ದೇವರು ನಮ್ಮ ಬಲಗೈ ಕಡೆ ಇರಬೇಕು. ತುಳಸಿಗೂ ಹಾಗೆಯೇ. ಅದು ಬಲಸುತ್ತು. ಸತ್ತವರ ಚಿತೆಗೆ ಮಾತ್ರ ತಿರುಗುಮುರುಗು, ಚಿತೆ ಎಡಗೈ ಕಡೆ. ಅದು ಎಡಸುತ್ತು. ಆ ಬಳ್ಳಿಯ ದಾರಿ ಹಿಡಿದು ಒಂದು ಇರುವೆ ತುಳಸಿ ಹತ್ತಿದರೆ ಕಾಂಡ ಅದರ ಎಡಕ್ಕಿರುತ್ತಿತ್ತು.

ಕಿತ್ತು ಬಿಸಾಡು ಎಂದೆ. “ಮುಟ್ಟಬೇಡಿ!” ಎಂದು ಅಡ್ಡ ಬಂದಳು. “ಅವರು ತಂದ ಮಣ್ಣಲ್ಲಿ ಬಂದದ್ದು. ತುಂಡಾದ್ರೆ?” ಕೂತು, ಉಗುರಿನ ತುದಿಯಿಂದ ಬಳ್ಳಿಯನ್ನು ಒಂದೊಂದೇ ಸುತ್ತು ಬಿಡಿಸಿದಳು. ಮತ್ತೆ ಬುಡದಿಂದ ಬಲಸುತ್ತಾಗಿ ಸುತ್ತಿದಳು. ಮರುದಿನ ಬೆಳಿಗ್ಗೆ ನೋಡಿದರೆ ಎಳೆಯ ತುದಿ ಬಿಚ್ಚಿಕೊಂಡು, ಗಾಳಿಯಲ್ಲಿ ಒಂದು ಬಳಸು ತಿರುಗಿ, ಎಡಸುತ್ತಾಗಿಯೇ ಕೂತಿತ್ತು. ಅವಳು ಮತ್ತೆ ಬಿಡಿಸಿದಳು.

ಅಲ್ಲಿಂದ ಮುಂದೆ ಬೆಳಗಾದರೆ ಅದೇ ಕೆಲಸ. ನಾನು ಕಿಟಕಿಯಿಂದ ನೋಡಿ ಸಿಟ್ಟಾಗುತ್ತಿದ್ದೆ. ಊಟವಿಲ್ಲ, ತಲೆ ಬಾಚುವುದಿಲ್ಲ, ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಹೆಂಗಸು. ಕೊನೆಗೆ ಒಂದು ಶುಕ್ರವಾರ ಅಗಸ್ಟಿನ್ ತರಕಾರಿಗೆಂದು ಬುದೈಯಾಕ್ಕೆ ಹೊರಟಾಗ ಅವಳನ್ನೂ ಎಳೆದುಕೊಂಡು ಹೋಗಿ ಪಿಕಪ್ಪಿನಲ್ಲಿ ಕೂರಿಸಿದೆ. ಸೇಸಪ್ಪ ಮಣ್ಣು ತೆಗೆದ ತೋಟದ ಬೇಲಿಯ ತುಂಬ ಇದೇ ಬಳ್ಳಿ. ಅವಳ ತಲೆ ಹಿಡಿದು ತೋರಿಸಿದೆ. ಈ ಗೂಟ ನೋಡು, ಎಡಸುತ್ತು. ಈ ತಂತಿ ನೋಡು, ಎಡಸುತ್ತು. ಈ ಜೋಳದ ದಂಟು ನೋಡು. ಎಲ್ಲವೂ ಎಡಸುತ್ತು. ನಮ್ಮ ಅಮ್ಮನ ಮನೆಯ ಗೇಟಿನ ಕಾಮಲತೆಯೂ ಹೀಗೇ, ಬಿಡಿಸಿ ಬಲಕ್ಕೆ ಕಟ್ಟಿದ್ದಕ್ಕೆ ಅಮ್ಮ ನನಗೆ ಎರಡು ಬಾರಿಸಿದ್ದು ನೆನಪುಂಟು.

“ಇಲ್ಲಿ ಯಾರು ಸತ್ತಿದ್ದಾರೆ, ಹೇಳು. ಇದರ ಜಾತಿಗುಣವೇ ಅದು ಮಾರಾಯ್ತಿ. ನಿನ್ನ ಗಂಡನಿಗೂ ಇದಕ್ಕೂ ಎಂತ ಸಂಬಂಧ?”

ಅವಳು ಬೇಲಿಯ ಉದ್ದಕ್ಕೂ ನಡೆದು ಒಂದೊಂದೇ ಗೂಟ ನೋಡಿ ಬಂದಳು. ಮುಖದಲ್ಲಿ ಸ್ವಲ್ಪ ನಗೆ ಕಂಡಿತು. ನಾನು ಗೆದ್ದೆ ಎಂದುಕೊಂಡೆ.

“ಹೌದು ಬಾಯಿ. ಅದರ ಗುಣ ಅದು,” ಎಂದಳು. “ನನ್ನ ಗುಣ ಇದು.”

ಮರುದಿನ ಬೆಳಿಗ್ಗೆ ಮತ್ತೆ ಕೂತು ಬಿಡಿಸುತ್ತಿದ್ದಳು. ಆ ಹೊತ್ತಿಗೆ ಕಂಪನಿಯವರು ಅವಳನ್ನು ಊರಿಗೆ ಕಳಿಸುವ ಮಾತು ತೆಗೆದಿದ್ದರು. ಗಂಡನ ವೀಸಾದ ಮೇಲೆ ಬಂದವಳು, ಗಂಡನೇ ಇಲ್ಲದ ಮೇಲೆ ಇಲ್ಲಿ ಎಂತಕ್ಕೆ? ಮುಂಡಪ್ಪ ಬಂದು ಊರಲ್ಲಿ ಕ್ರಿಯೆ ಮಾಡಿಸೋಣ, ಹಣೆಯ ಕುಂಕುಮ ತೆಗೆ ಎನ್ನಲು ಬಾಯಿ ಬಾರದೆ ನೆಲ ನೋಡುತ್ತ ಕೂತ. ಅವಳಿಗೆ ಅರ್ಥವಾಯಿತು. ಬಳ್ಳಿ ನಿಲ್ಲುವವರೆಗೆ ಕಾಯಿರಿ ಭಾವ ಎಂದಳು. ಒಂದೇ ಒಂದು ರಾತ್ರಿ ಅದು ನಾನು ಸುತ್ತಿದ ಹಾಗೆ ನಿಂತರೆ ಅವರು ಬದುಕಿದ್ದಾರೆ. ನನ್ನನ್ನು ಕಳಿಸುವ ದಿನದವರೆಗೂ ನಿಲ್ಲದಿದ್ದರೆ ನೀವು ಅಂದುಕೊಂಡ ಹಾಗೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬಳ್ಳಿ ನಿಂತಿತ್ತು.

ಅವಳೇ ನನ್ನ ಬಾಗಿಲು ಬಡಿದು ಕರೆದಳು. ತುದಿ ಬಿಚ್ಚಿಕೊಂಡಿರಲಿಲ್ಲ. ಅಷ್ಟೇ ಆಗಿದ್ದರೆ ನಾನು ಅವಳು ದಾರ ಕಟ್ಟಿದ್ದಾಳೆ ಎನ್ನುತ್ತಿದ್ದೆ. ರಾತ್ರಿ ಬೆಳೆದ ಹೊಸ ಚಿಗುರು ಕೂಡ, ಯಾರ ಕೈಯೂ ಮುಟ್ಟದ್ದು, ಬಲಸುತ್ತಾಗಿ ತುಳಸಿಯ ಕದಿರನ್ನು ಹಿಡಿದಿತ್ತು. ನಾನು ಪೈಪಿನ ಕಡೆ ನೋಡಿದೆ. ಅಲ್ಲಿಯ ಬಳ್ಳಿ ಎಂದಿನಂತೆ ಎಡಕ್ಕೇ ಇತ್ತು. ಕುಸುಮ ಒಳಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಬಂಗುಡೆ ಮೀನು ತರಿಸಿ ಸಾರು ಮಾಡಿದಳು.

ಸಂಜೆ ಸೇಸಪ್ಪ ಗೇಟು ತೆಗೆದು ಒಳಗೆ ಬಂದ.

ನಾನು ಅಂಗಳದಲ್ಲೇ ಬಟ್ಟೆ ತೆಗೆಯುತ್ತಿದ್ದೆ. ಅವನೇ. ಟಗ್ಗಿಗೆ ಹೋದ ದಿನದ ಅದೇ ಖಾಕಿ ಅಂಗಿ, ಉಪ್ಪು ಕಟ್ಟಿ ಗಡುಸಾಗಿತ್ತು. ಹೇಗೆ ಬಂದೆ, ಯಾರು ಎತ್ತಿಕೊಂಡರು, ಇಷ್ಟು ದಿನ ಎಲ್ಲಿದ್ದೆ ಎಂದು ಅಗಸ್ಟಿನ್ ಕೇಳಿದ್ದೇ ಕೇಳಿದ್ದು. “ಗೊತ್ತಿಲ್ಲ,” ಎಂದ ಸೇಸಪ್ಪ. “ಯಾರೋ ಕರೆದ ಹಾಗಾಯ್ತು. ನಡೆದು ಬಂದೆ.” ಪೆಟ್ಟು ಬಿದ್ದು ಮರೆತಿರಬೇಕು, ಆಚೆ ದಡದ ಮೀನುಗಾರರು ಕಾಪಾಡಿರಬೇಕು ಎಂದು ಅಗಸ್ಟಿನ್ ತಾನೇ ಒಂದು ಕತೆ ಕಟ್ಟಿ ತಾನೇ ನಂಬಿದ. ಕುಸುಮ ಏನೂ ಕೇಳಲಿಲ್ಲ. ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನನಗೂ ಕಣ್ಣು ತುಂಬಿತು, ಯಾಕೆ ಸುಳ್ಳು ಹೇಳಲಿ.

ಮರುದಿನ ಮುಂಡಪ್ಪ ಬಂದ. ಎದುರಿನ ಬಾಗಿಲು ತಟ್ಟಿದವನು ಎರಡು ನಿಮಿಷದಲ್ಲಿ ನನ್ನ ಅಡಿಗೆಮನೆಯೊಳಗೆ ನುಗ್ಗಿ ನೆಲದ ಮೇಲೆ ಕೂತುಬಿಟ್ಟ.

“ಬಾಗಿಲು ತೆಗೆದದ್ದು ಯಾರು ಬಾಯಿ?”

“ನಿಮ್ಮ ತಮ್ಮನೇ. ನಿನ್ನೆ ಬಂದ. ನಿಮಗೆ ಹೇಳಿ ಕಳಿಸ್ಬೇಕೂಂತ ಇದ್ದೆವು.”

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಬೆಳ್ಳಿಯ ಉಡಿದಾರ, ಅದರಲ್ಲಿ ನಜ್ಜುಗುಜ್ಜಾದ ಒಂದು ತಾಯಿತ. ಸೇಸಪ್ಪ ಹುಟ್ಟಿದಾಗ ಅವರ ಅಜ್ಜಿ ಕಟ್ಟಿಸಿದ್ದು. ಸಿತ್ರಾದ ಆಚೆ ದಡಕ್ಕೆ ಒಂದು ಹೆಣ ಬಂದಿತ್ತಂತೆ. ಪೊಲೀಸರು ಮುಂಡಪ್ಪನನ್ನು ಕರೆಸಿದರು. ಮುಖ ನೋಡುವ ಹಾಗಿರಲಿಲ್ಲ, ಸೊಂಟದ ಉಡಿದಾರ ನೋಡಿ ಗುರುತು ಹೇಳಿದ. ಆ ಸ್ಥಿತಿಯಲ್ಲಿ ಕುಸುಮ ನೋಡುವುದು ಬೇಡ ಎಂದು ಅವಳಿಗೆ ತಿಳಿಸದೆ, ನಿನ್ನೆ ನಸುಕಿನಲ್ಲೇ ಹಿಂದೂಗಳ ಸ್ಮಶಾನದಲ್ಲಿ ಸುಟ್ಟು, ಬೂದಿಯನ್ನು ಕಡಲಿಗೆ ಬಿಟ್ಟು, ಇವತ್ತು ಹೇಳಲು ಬಂದಿದ್ದ.

“ನಾನೇ ಕೊಳ್ಳಿ ಇಟ್ಟದ್ದು ಬಾಯಿ. ಈ ಕೈಯಲ್ಲೇ.”

ನಿನ್ನೆ ನಸುಕಿನಲ್ಲಿ. ನನಗೆ ತುಳಸಿಯ ಹೊಸ ಚಿಗುರು ನೆನಪಾಯಿತು. ಇಷ್ಟು ದಿನ ಎಡ ಬಲ ನೋಡಿ ನೋಡಿ ನನ್ನ ತಲೆಯೂ ಹಾಗೇ ಓಡುತ್ತಿತ್ತು.

“ಚಿತೆಗೆ ಸುತ್ತು ಬಂದಿರಾ? ಯಾವ ಕಡೆಯಿಂದ ಬಂದಿರಿ?”

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ತೋರಿಸಿ ಎಂದೆ. ಆ ದೊಡ್ಡ ಮನುಷ್ಯ ಎದ್ದು, ಹೆಗಲ ಮೇಲೆ ಇಲ್ಲದ ಕೊಡವನ್ನು ಹಿಡಿದುಕೊಂಡು, ನನ್ನ ಗ್ಯಾಸ್ ಸಿಲಿಂಡರಿಗೆ ಸುತ್ತು ಬಂದ. ಸಿಲಿಂಡರ್ ಅವನ ಬಲಗೈ ಕಡೆ ಇತ್ತು. ಒಂದು ಸುತ್ತು ಮುಗಿಯುವಾಗ ಅವನಿಗೇ ಹೊಳೆಯಿತು. ಹಾಗೇ ನಿಂತ.

“ಅಯ್ಯೋ ದೇವರೇ,” ಎಂದ. “ಊರಲ್ಲಾದ್ರೆ ನಮ್ಮ ಜಾತಿಯ ಹಿರಿಯರು, ಗುರಿಕಾರರು, ಪಕ್ಕದಲ್ಲಿ ನಿಂತು ಹೀಗೆ ಹೋಗು, ಹಾಗೆ ಬಾ ಅಂತ ಹೇಳ್ತಾರೆ. ಇಲ್ಲಿ ಯಾರಿದ್ರು? ದಿನಾ ದೇವರ ಫೋಟೋ ಇಟ್ಟು ಸುತ್ತು ಬರುವ ಅಭ್ಯಾಸ. ಕಾಲು ಹಾಗೇ ಹೋಯ್ತು ಬಾಯಿ.”

ಕಳಿಸಿಕೊಡಬೇಕಾದವನನ್ನು ಅವನು ಬಲಸುತ್ತು ಬಂದು ಕರೆದಿದ್ದ. ಇತ್ತ ಇವಳು ದಿನವೂ ಬಳ್ಳಿಯನ್ನು ಬಲಕ್ಕೆ ತಿರುಗಿಸಿ ಕರೆಯುತ್ತಲೇ ಇದ್ದಳು. ಎರಡೂ ಕಡೆಯಿಂದ ಎಳೆದರೆ ಅವನಾದರೂ ಏನು ಮಾಡಬೇಕು? ಸರಿಮಾಡೋಣವೆಂದರೆ ಚಿತೆ ಆರಿತ್ತು, ಬೂದಿ ನೀರಲ್ಲಿ ಹೋಗಿತ್ತು. ಇನ್ನು ಯಾವುದಕ್ಕೆ ಸುತ್ತು ಬರುವುದು ಎಂದು ಮುಂಡಪ್ಪ ತಲೆ ಚಚ್ಚಿಕೊಂಡ. ಉಡಿದಾರವನ್ನು ನನ್ನ ಕೈಗೆ ಕೊಟ್ಟು, ನೀವೇ ಅವಳಿಗೆ ಹೇಳಿ ಎಂದು ಹೇಳಿ, ಅಂಗಳದ ಕಡೆ ನೋಡದೆ ಹೋದ. ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ನಾನು ಹೇಳಲಿಲ್ಲ. ಮೊದಲು ಕಣ್ಣಾರೆ ನೋಡಬೇಕೆಂದುಕೊಂಡೆ. ಸೇಸಪ್ಪ ಹಗಲೆಲ್ಲ ಅಂಗಳದಲ್ಲಿ ತುಳಸಿಯ ಪಕ್ಕ ಕಬ್ಬಿಣದ ಕುರ್ಚಿಯಲ್ಲಿ ಕೂರುತ್ತಿದ್ದ. ಆಗಸ್ಟ್ ತಿಂಗಳ ಆ ಸೆಕೆಯಲ್ಲಿ ಗೋಡೆಗಳೂ ಬೆವರುತ್ತವೆ, ಅವನ ಅಂಗಿ ಮಾತ್ರ ಒಣಗಿಯೇ ಇರುತ್ತಿತ್ತು. ಕುಸುಮ ಬಡಿಸಿದ್ದನ್ನು ನೋಡುತ್ತಿದ್ದ, ತಿನ್ನುತ್ತಿರಲಿಲ್ಲ. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಇರುತ್ತಿದ್ದ. ತುಟಿ ಒಡೆದು ಬಿರುಕು ಬಿಟ್ಟಿತ್ತು. ಕುರ್ಚಿಯ ಕಾಲಿನ ಬುಡದಲ್ಲಿ ಹುಟ್ಟಿದ ಬಳ್ಳಿಗಳು ಅವನು ಕೂತಷ್ಟು ಹೊತ್ತೂ ಬಲಸುತ್ತಾಗಿ ಹತ್ತುತ್ತಿದ್ದವು. ಒಂದು ಶುಕ್ರವಾರ ನಾನು ಅಗಸ್ಟಿನ್‌ನನ್ನು ಬೈದು ಅಂಥದೇ ಇನ್ನೊಂದು ಕುರ್ಚಿ ಹಾಕಿ ಬೆಳಗಿನಿಂದ ಪೈಪಿನ ಹತ್ತಿರ ಕೂರಿಸಿದೆ. ಪಾಪ, ಯಾಕೆಂದು ಕೇಳದೆ ಪೇಪರ್ ಓದುತ್ತ ಕೂತ. ಮಧ್ಯಾಹ್ನ ನೋಡಿದರೆ ಅವನ ಕುರ್ಚಿಯ ಕಾಲಿಗೆ ಬಳ್ಳಿ ಎಡಸುತ್ತು ಹಾಕಿತ್ತು. ಬದುಕಿದ್ದವರ ಹತ್ತಿರ ಅದು ತನ್ನ ಗುಣ ಬಿಡುತ್ತಿರಲಿಲ್ಲ.

ಹೆದರಿಕೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಸೇಸಪ್ಪನ ಸಂಕಟ. ಕಾಲಿಗೆ ಯಾವಾಗಲೂ ಚಪ್ಪಲಿ ಹಾಕಿಕೊಂಡೇ ಇರುತ್ತಿದ್ದ. ಏಳುತ್ತಿದ್ದ, ಗೇಟಿನವರೆಗೆ ಹೋಗುತ್ತಿದ್ದ, ಅಲ್ಲಿ ನಿಂತು ಯೋಚಿಸಿ ವಾಪಸ್ಸು ಬಂದು ಕೂರುತ್ತಿದ್ದ. ಒಮ್ಮೆ ನಾನು ಹತ್ತಿರ ಹೋದಾಗ ಕೇಳಿದ.

“ಬಾಯಿ, ನನಗೆ ಎಲ್ಲಿಗೋ ಹೋಗ್ಲಿಕ್ಕಿತ್ತಲ್ಲ. ಎಲ್ಲಿಗೆ ಅಂತ ನಿಮಗೆ ಗೊತ್ತುಂಟಾ?”

ಕೇಳುವಾಗ ಅವನ ದನಿ ಅಳುವ ಹಾಗಿತ್ತು, ಕಣ್ಣಲ್ಲಿ ನೀರಿರಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಬಿಡದೆ ನಿಂತದ್ದಿಲ್ಲ.

ಆ ಸಂಜೆ ಕುಸುಮ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಕೂತು ಉಡಿದಾರ ಕೊಟ್ಟೆ. ಮುಂಡಪ್ಪ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ತಾಯಿತವನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಗೊತ್ತುಂಟು ಬಾಯಿ,” ಎಂದಳು. “ಬಂದ ರಾತ್ರಿಯೇ ಗೊತ್ತಾಯ್ತು. ಎದೆಗೆ ಕಿವಿ ಇಟ್ಟರೆ ಬರೀ ಕಡಲಿನ ಶಬ್ದ.”

“ಗೊತ್ತಿದ್ದೂ ಸುಮ್ಮನಿದ್ದೆಯಾ?”

“ಹೇಗಿದ್ದರೂ ನನಗೆ ಬೇಕಿತ್ತು. ದಿನಾ ಬೆಳಿಗ್ಗೆ ಕೇಳಿಕೊಂಡದ್ದು ನಾನೇ ಅಲ್ವಾ.” ಅವಳು ನಲ್ಲಿ ನಿಲ್ಲಿಸಿದಳು. “ಆದ್ರೆ ಅವರಿಗೆ ಬಾಯಾರಿಕೆ ಬಾಯಿ. ಲೋಟ ಹಿಡಿದುಕೊಂಡು ಕೂತುಕೊಳ್ತಾರೆ, ಕುಡೀಲಿಕ್ಕೆ ಆಗುವುದಿಲ್ಲ. ಅದನ್ನು ನನಗೆ ನೋಡ್ಲಿಕ್ಕೆ ಆಗುವುದಿಲ್ಲ.”

ಇನ್ನು ಯಾವುದಕ್ಕೆ ಸುತ್ತು ಬರುವುದು ಎಂದು ಮುಂಡಪ್ಪ ಕೇಳಿದ್ದನಲ್ಲ, ಅದಕ್ಕೆ ಉತ್ತರ ಅವಳ ಹತ್ತಿರ ಇತ್ತು. ನಾಳೆ ಬೆಳಿಗ್ಗೆ ಬೇಗ ಬನ್ನಿ, ಒಂದು ಕಲ್ಲು ತನ್ನಿ ಎಂದಷ್ಟೇ ಹೇಳಿದಳು.

ಬೆಳಕು ಹರಿಯುವಾಗ ಸೇಸಪ್ಪ ಆಗಲೇ ಕುರ್ಚಿಯಲ್ಲಿದ್ದ. ಕುಸುಮ ಮೊದಲು ತುಳಸಿಯ ಹತ್ತಿರ ಹೋಗಿ, ತಾನೇ ಸುತ್ತಿದ್ದ ಬಳ್ಳಿಯನ್ನು ಬುಡದವರೆಗೆ ಬಿಚ್ಚಿ ನೆಲಕ್ಕೆ ಬಿಟ್ಟಳು. ಆಮೇಲೆ ನೀರು ತುಂಬಿದ ಮಣ್ಣಿನ ಹೂಜಿಯನ್ನು ಎತ್ತಿ ಎಡ ಹೆಗಲಿಗಿಟ್ಟುಕೊಂಡಳು. ಆಲಿ ಎಂಬ ಊರಿನ ಕುಂಬಾರರಿಂದ ಅವರಿಬ್ಬರೂ ಸೇರಿ ಕೊಂಡು ತಂದ ಹೂಜಿ ಅದು. ಅವರಲ್ಲಿ ಹೆಂಗಸರು ಈ ಕೆಲಸ ಮಾಡುವ ಕ್ರಮವಿಲ್ಲ. ನಾನಂತೂ ಪೂಜೆಗೂ ಸಲ್ಲದವಳು, ಕೊರಳಲ್ಲಿ ಶಿಲುಬೆ.

“ಒಂದೊಂದು ಸುತ್ತು ಆದಾಗ ಹೂಜಿಗೆ ಒಂದೊಂದು ತೂತು ಮಾಡ್ಬೇಕು ಬಾಯಿ. ನಿಮ್ಮನ್ನು ಬಿಟ್ರೆ ನನಗೆ ಯಾರುಂಟು ಇಲ್ಲಿ?”

ಅವಳು ಗಂಡನನ್ನು ಎಡಗೈ ಕಡೆ ಇಟ್ಟುಕೊಂಡು ಹೊರಟಳು. ಮೊದಲ ಸುತ್ತು ಮುಗಿದಾಗ ನಾನು ಹೂಜಿಗೆ ಕಲ್ಲಿನಿಂದ ಕುಟ್ಟಿದೆ. ಎರಡು ಸಲ ಕುಟ್ಟಬೇಕಾಯಿತು. ನೀರು ಸಣ್ಣಗೆ ಚಿಮ್ಮಿ ಕುರ್ಚಿಯ ಸುತ್ತ ನೆಲ ತೋಯಿಸಿತು. ಸೇಸಪ್ಪ ಅವಳನ್ನೇ ನೋಡುತ್ತಿದ್ದ. ಎರಡನೇ ಸುತ್ತಿನಲ್ಲಿ ಅವನ ಹಣೆಯ ಮೇಲೆ ಬೆವರು ಕಾಣಿಸಿತು. ಮೂರನೇ ಸುತ್ತಿನಲ್ಲಿ ಆ ಗಡುಸಾದ ಅಂಗಿ ಬೆನ್ನಿಗೆ ಅಂಟುವಷ್ಟು ಒದ್ದೆಯಾಯಿತು. ಅವನ ಮುಖ ಸಡಿಲವಾಯಿತು.

“ಹಾಂ,” ಎಂದ, ಮರೆತ ಹೆಸರು ಹೊಳೆದವನ ಹಾಗೆ. “ನೆನಪಾಯ್ತು ನೋಡು.”

ಕುಸುಮ ಅವನಿಗೆ ಬೆನ್ನು ಮಾಡಿ ನಿಂತು ಹೂಜಿಯನ್ನು ಹೆಗಲಿಂದ ಹಿಂದಕ್ಕೆ ಬಿಟ್ಟಳು. ಅದು ಒಡೆದು ಚೂರಾಯಿತು. ಹೂಜಿ ಬಿಟ್ಟ ಮೇಲೆ ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಹೋಗುವವರು ನಿಂತುಬಿಡುತ್ತಾರೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ನನಗೆ ಅಂಥ ಕಟ್ಟು ಇರಲಿಲ್ಲ, ನಾನು ನೋಡಿದೆ.

ಸೇಸಪ್ಪ ಎದ್ದು ಗೇಟಿನ ಕಡೆ ನಡೆದ. ಈ ಸಲ ಯೋಚಿಸಲು ನಿಲ್ಲಲಿಲ್ಲ. ಚಿಲಕ ತೆಗೆದ ಮೇಲೆ ಮಾತ್ರ ನಿಂತು ಹಿಂತಿರುಗಿ ನೋಡಿದ. ಅವಳ ಬೆನ್ನನ್ನು, ಒದ್ದೆಯಾದ ಸೆರಗನ್ನು, ಅವಳು ತಿರುಗುತ್ತಾಳೇನೋ ಎಂದು ಕಾಯುವವನ ಹಾಗೆ ತುಂಬ ಹೊತ್ತು ನೋಡಿದ. ತಿರುಗಲಿ ಎಂಬ ಆಸೆ ಅವನ ಮುಖದ ಮೇಲೆ ಬರೆದ ಹಾಗಿತ್ತು. ಆಮೇಲೆ ಗೇಟು ಎಳೆದುಕೊಂಡು ಹೋದ. ನಾನು ಹೋಗಿ ಇಣುಕಿದೆ, ಓಣಿ ಎರಡೂ ಕಡೆ ಖಾಲಿ ಇತ್ತು.

ವಾಪಸ್ಸು ಬರುವಾಗ ತುಳಸಿಯ ಬುಡದಲ್ಲಿ ಬಳ್ಳಿಯ ಎಳೆಯ ತುದಿ ಆಗಲೇ ತಲೆ ಎತ್ತಿ ಎಡಕ್ಕೆ ಹೊರಳಿತ್ತು.

“ಹೋದ್ರಾ ಬಾಯಿ?” ಕುಸುಮ ಕಣ್ಣು ತೆರೆಯದೆ ಕೇಳಿದಳು.

“ಹೋದ.”

“ಹೋಗುವಾಗ ತಿರುಗಿ ನೋಡಿದ್ರಾ?”

“ಇಲ್ಲ ಮಾರಾಯ್ತಿ,” ಎಂದೆ. “ನೋಡ್ಲಿಲ್ಲ. ಸೀದಾ ಹೋದ.”